ಸುದ್ದಿಯವಳ ಮೆಟ್ಟು

ಆ ಊರಿಗೆ ಒಂದೇ ಕೋಟೆ, ಕೋಟೆಗೆ ಒಂದೇ ಬಾಗಿಲು, ಊರಿಗೆಲ್ಲ ಒಂದೇ ಅಳತೆಗೋಲು. ಆ ಕೋಲು ಹಿಡಿಯೋನು ಅಳತೆಯವನು. ಅವನಿಗೂ ಒಂದು ಹೆಸರು ಇತ್ತು. ಮದುವೆ ದಿನ ಪುರೋಹಿತರು ಕೇಳಿದ್ರು, ಆಮೇಲೆ ಯಾರೂ ಕೇಳ್ಲಿಲ್ಲ.

ಅವನು ಹೊಲ ಅಳೀತಿದ್ದ, ಗೋಡೆ ಅಳೀತಿದ್ದ, ಹುಟ್ಟಿದ ಮಗುವಿಗೆ ತೊಟ್ಟಿಲು ಅಳೀತಿದ್ದ. ಹೆಂಡತಿ ರೊಟ್ಟಿ ತಟ್ಟಿದ್ರೆ ಅದನ್ನೂ ಕಣ್ಣಲ್ಲೇ ಅಳೆದು, "ಎಡಗಡೆ ಒಂದು ಎಳ್ಳುಕಾಳಷ್ಟು ಜಾಸ್ತಿ" ಅಂತಿದ್ದ.

"ಆ ಎಳ್ಳುಕಾಳು ಬಿಟ್ಟು ಮಿಕ್ಕಿದ್ದು ತಿನ್ನಿ" ಅಂತಿದ್ಲು ಅವಳು.

ಆ ಊರಿಗೆ ಒಂದು ಕಟ್ಟಳೆ ಇತ್ತು. ಯಾರ ಬಾಯಲ್ಲಿ ಮೊಟ್ಟಮೊದಲ ಸಲ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಅನ್ನೋ ಮಾತು ಬರುತ್ತೋ, ಅವತ್ತು ಸಂಜೆಯೊಳಗೆ ಅವರ ಮನೆಗೆ ಒಂದು ತೊಗಲು ಬರ್ತಿತ್ತು. ಆ ಮಾತನ್ನ ಯಾರಿಗೆ ಹೇಳಿದ್ರೋ ಅವರಿಗೆ ಬೇಕಾದ ಒಂದು ವಸ್ತುನ ಆ ತೊಗಲಲ್ಲಿ ಕೈಯಾರೆ ಮಾಡಿಕೊಡಬೇಕು. ಮಾಡಿದ್ದು ಹೆಂಗೇ ಇರಲಿ, ಇನ್ನೊಂದು ಆಗೋ ತನಕ ಅವರು ಅದನ್ನೇ ಬಳಸಬೇಕು. ಬಳಸಿದವರು ಒಂದು ದಿನ "ಸಾಕು, ಆಗುತ್ತೆ" ಅನ್ನಬೇಕು. ಅಲ್ಲೀ ತನಕ ಮಾಡೋರ ಹೆಸರು ಹೊಸಬ, ಇಲ್ಲಾ ಹೊಸಬಿ. ಹೊಸಬರ ಮಾತನ್ನ ಊರು ಕೇಳೋ ಹಾಗಿಲ್ಲ. ಮಳೆ ಬರುತ್ತೆ ಅಂತ ಹೊಸಬ ಅಂದ್ರೆ, ತಲೆ ಮೇಲೆ ಹನಿ ಬೀಳ್ತಿದ್ರೂ ಯಾರೂ ಒಣಗಿಸಿದ ಸಂಡಿಗೆ ಎತ್ತಿಡ್ತಿರಲಿಲ್ಲ.

ತೊಗಲಿನ ಕೆಲಸ ಇಂಥವರ ಮನೆತನದ್ದು ಅಂತ ಆ ಊರಲ್ಲಿ ಇರಲೇ ಇಲ್ಲ. ಅದು ವಯಸ್ಸಿನ ಕೆಲಸ. ನರೆ ಬಂದ ಹಾಗೆ ತೊಗಲೂ ಬರ್ತಿತ್ತು. ಊರ ಯಜಮಾನನೇ ತನ್ನ ಕಾಲ ಬಂದಾಗ ಸೊಸೆಗೆ ನೀರಿನ ಚೀಲ ಹೊಲಿದುಕೊಟ್ಟಿದ್ದ. ನಾಲ್ಕನೇ ಚೀಲದಲ್ಲಿ ನೀರು ನಿಂತಿತ್ತು.

ಹೀಗಿರುವಾಗ ಕೋಟೆ ಬಾಗಿಲನ್ನ ಗೆದ್ದಲು ತಿಂತು. ಹೊಸ ಬಾಗಿಲು ತಯಾರಾಯ್ತು. ಹುಣ್ಣಿಮೆ ದಿನ ನಿಲ್ಲಿಸೋದು ಅಂತಾಯ್ತು. ಬಾಗಿಲು ನಿಲ್ಲಿಸುವಾಗ ಕೋಲು ಹಿಡಿಯೋದು ಅಂದ್ರೆ ಸಾಮಾನ್ಯ ಅಲ್ಲ, ಮುನ್ನೂರು ವರ್ಷಕ್ಕೆ ಒಂದು ಸಲ ಬರೋ ಭಾಗ್ಯ. ಅಳತೆಯವನು ಹದಿನೈದು ದಿನ ಮೊದಲೇ ಹೋಗಿ, ಹೊಸಿಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಕೋಲು ಇಟ್ಟು ಇಟ್ಟು ನೋಡ್ತಿದ್ದ.

ಅಷ್ಟರಲ್ಲಿ ಸುದ್ದಿಯವಳು ಬಂದ್ಲು. ಮನೆಯಿಂದ ಮನೆಗೆ ನಡೆದು ಊರ ಸುದ್ದಿ ಮುಟ್ಟಿಸೋದು ಅವಳ ಕೆಲಸ. ಮೆಟ್ಟು ಸವೆದು ಹೋಗಿ ಬರಿಗಾಲಲ್ಲಿ ಕುಂಟ್ಕೊಂಡು ಬಂದು, "ಅಣ್ಣಾ, ಬೆಳಗಿನ ತಿಂಡಿಗೆ ಯಜಮಾನರ ಮನೆಗೆ ಬರ್ಬೇಕಂತೆ" ಅಂದ್ಲು. ಸೂರ್ಯ ನೆತ್ತಿ ದಾಟಿದ್ದ.

ಅಳತೆಯವನು ತಲೆ ಎತ್ತದೇ ಹೇಳಿದ: "ಬೆಳಗಿನ ಸುದ್ದಿ ಮಧ್ಯಾಹ್ನಕ್ಕೆ ಬರ್ತಿದೆಯಲ್ಲಮ್ಮ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ."

ಸುದ್ದಿಯವಳು ನಿಂತ್ಲು. "ಏನಂದೆ ಅಣ್ಣ?"

"ಏನೂ ಅನ್ಲಿಲ್ಲ."

"ಅಂದೆ."

"ಕೆಮ್ಮಿದೆ."

"ಕೆಮ್ಮಿದ್ದು ಆಮೇಲೆ" ಅಂದು, ಕುಂಟೋದು ಮರೆತು ಓಡಿದ್ಲು. ಆ ವರ್ಷ ಊರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿದ ಸುದ್ದಿ ಅದೊಂದೇ.

ಸಂಜೆ ತಮಟೆ ಸದ್ದು ಕೇಳ್ತು. ನಾಲ್ಕು ಜನ ತೊಗಲು ಹೊತ್ಕೊಂಡು ಬಂದು ಜಗುಲಿ ಮೇಲೆ ಮಗು ಮಲಗಿಸಿದ ಹಾಗೆ ಮಲಗಿಸಿದ್ರು. ಪಕ್ಕದಲ್ಲಿ ಕೋಟೆ ಕಟ್ಟಿದ ಕಾಲದ ಹತಾರಗಳನ್ನ ಸಾಲಾಗಿ ಇಟ್ರು: ಕೊಯ್ಯೋಕೆ ಅರ್ಧಚಂದ್ರದಂಥ ರಂಪಿಗೆ, ತೂತು ಮಾಡೋಕೆ ಆರಿ, ಎರಡು ಸೂಜಿ, ಒಂದು ಉಂಡೆ ಜೇನುಮೇಣ, ಒಂದು ಉಂಡೆ ನೂಲು. ಯಜಮಾನ ಬಂದು ಅಳತೆಗೋಲು ಇಸ್ಕೊಂಡ.

"ಹುಣ್ಣಿಮೆಯೊಳಗೆ ಸುದ್ದಿಯವಳು ಸಾಕು ಅಂದ್ರೆ ಕೋಲು ನಿನ್ನದು. ಇಲ್ಲಾಂದ್ರೆ ಬಾಗಿಲಿಗೆ ನಿನ್ನ ಭಾವಮೈದ ಕೋಲು ಹಿಡೀತಾನೆ. ಆಮೇಲೆ ಕೋಲು ಅವನ ಮನೇಲೇ ಇರುತ್ತೆ."

ಭಾವಮೈದ ಅಂದ್ರೆ ಹೆಂಡತಿ ತಮ್ಮ. ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲೇ ಅಳೆಯೋನು. ಅವನು ಹಾಗೆ ಅಳೆದು ಕಟ್ಟಿಸಿದ ಕೊಟ್ಟಿಗೆಗೆ ಹಸು ಹಿಂದುಹಿಂದಕ್ಕೆ ನಡೆದ್ರೆ ಮಾತ್ರ ಹೋಗ್ತಿತ್ತು.

ಅಳತೆಯವನಿಗೆ ಅವತ್ತು ಊಟ ಸೇರ್ಲಿಲ್ಲ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ತನಗೆ ಬಂದ ಕೋಲು. ಕೋಲಿಲ್ಲದ ಕೈಯನ್ನ ಎಲ್ಲಿ ಇಟ್ಕೋಬೇಕು ಅಂತಾನೇ ಅವನಿಗೆ ಗೊತ್ತಾಗ್ಲಿಲ್ಲ.

ಬೆಳಗ್ಗೆ ತೊಗಲಜ್ಜಿ ಬಂದ್ಲು. ಹೊಸಬರಿಗೆಲ್ಲ ಅವಳೇ ಗುರು. ತೊಗಲು ಹರಡಿಸಿ, ಅಂಗೈಯಲ್ಲಿ ಮೂರು ಸಲ ಸವರಿ, ಮೂರು ಸಲ ಕೇಳಿದ್ಲು: "ತೊಗಲೇ ತೊಗಲೇ, ನಿನ್ನ ಬೆನ್ನು ಯಾವ ಕಡೆ? ನಿನ್ನ ಹೊಟ್ಟೆ ಯಾವ ಕಡೆ?"

"ಇದೇನಜ್ಜಿ, ಸತ್ತಿದ್ದನ್ನ ಮಾತಾಡ್ಸೋದು?"

"ಬೆನ್ನಿನ ತೊಗಲು ಗಟ್ಟಿ, ಕೆಳಗಿನ ಅಟ್ಟೆಗೆ ಆಗುತ್ತೆ. ಹೊಟ್ಟೆ ತೊಗಲು ಹಿಗ್ಗುತ್ತೆ, ಮೇಲ್ಭಾಗಕ್ಕೆ ಆಗುತ್ತೆ. ಕೇಳದೇ ಕೊಯ್ದ್ರೆ ಗೊತ್ತಾಗಲ್ಲ. ದಿನಾ ಕೇಳು. ಬಟ್ಟೆಯಾದ್ರೆ ತಪ್ಪು ಚುಚ್ಚಿದ್ರೂ ಮರೆಯುತ್ತೆ ಹೊಸಬ. ತೊಗಲು ಮರೆಯಲ್ಲ."

ಆಮೇಲೆ ಹೊಲಿಗೆ ತೋರಿಸಿದ್ಲು. ಒಂದೇ ನೂಲು, ಎರಡು ತುದಿಗೆ ಎರಡು ಸೂಜಿ. ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ, ಒಂದೇ ತೂತಲ್ಲಿ.

"ಗಂಡ ಹೆಂಡ್ತಿ ಒಂದೇ ಬಾಗಿಲಲ್ಲಿ ಎದುರುಬದುರು ಹೋಗಿ ಬಂದ ಹಾಗೆ. ಒಬ್ಬರು ಹೋಗುವಾಗ ಇನ್ನೊಬ್ಬರಿಗೆ ಚುಚ್ಚಬಾರದು."

"ಅದು ಕಷ್ಟ ಅಜ್ಜಿ."

"ಸೂಜಿಗೇನೂ ಕಷ್ಟ ಇಲ್ಲ" ಅಂದ್ಲು ಒಳಗಿಂದ ಹೆಂಡತಿ.

ಮೆಟ್ಟನ್ನ ಆ ಊರಲ್ಲಿ ಒಳಗನ್ನ ಹೊರಗೆ ಮಾಡಿ ಹೊಲೀತಿದ್ರು. ಹೊಲಿದು ಮುಗಿದ ಮೇಲೆ ನೀರಲ್ಲಿ ನೆನೆಸಿ, ದಿಂಬಿನ ಗವಸು ತಿರುವಿದ ಹಾಗೆ ತಿರುವಿ ಹಾಕೋದು. ಆಗ ಹೊಲಿಗೆ ಒಳಗೆ ಹೋಗುತ್ತೆ, ಸವೆಸೋಕೆ ನೆಲದ ಕೈಗೆ ಸಿಗಲ್ಲ.

ಹೊಸಬ ಸುದ್ದಿಯವಳನ್ನ ಜಗುಲಿ ಮೇಲೆ ನಿಲ್ಲಿಸಿ ಪಾದ ಅಳೆದ. ಕೋಲಿಲ್ಲ, ದಾರದಲ್ಲಿ ಅಳೆದ. ಉದ್ದ ಅಳೆದ, ಅಗಲ ಅಳೆದ, ಕಿರುಬೆರಳು ಅಳೆದ. ತೊಗಲಿನ ಹತ್ತಿರ ಬಂದು, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಒಂದೇ ಸಲ, ಗಂಟಲೊಳಗೇ, ಬೆನ್ನು ಯಾವ ಕಡೆ ಅಂತ ಕೇಳಿದ. ತೊಗಲು ಏನೂ ಹೇಳ್ಲಿಲ್ಲ. "ಸರಿ ಬಿಡು" ಅಂದು ಕೊಯ್ದ.

ಮೊದಲನೇ ಮೆಟ್ಟನ್ನ ಎಡಗಾಲಿಗೆ ಅಂತ ಹೊಲಿದ. ನೆನೆಸಿ ತಿರುವಿ ಹಾಕಿದ. ಬಲಗಾಲಿಂದು ಆಗಿ ಹೊರಗೆ ಬಂತು. "ಓಹೋ, ತಿರುವಿದ್ರೆ ಎಡ ಬಲ ಆಗುತ್ತೆ" ಅಂತ ಬುದ್ಧಿ ಕಲಿತ. ಎರಡನೇದು ಬಲಗಾಲಿಗೆ. ಈ ಸಲ ಮೊದಲೇ ಯೋಚನೆ ಮಾಡಿ, ಉಲ್ಟಾ ಹೊಲಿದ. ತಿರುವಿದ. ಬಲಗಾಲಿಂದೇ ಬಂತು. ಎಷ್ಟು ಸರಿಯಾಗಿ ಬಂತು ಅಂತ ಖುಷಿಯಾಗಿ ಎರಡನ್ನೂ ಪಕ್ಕಪಕ್ಕ ಇಟ್ಟ. ಆಗ ಗೊತ್ತಾಯ್ತು.

ಹೆಂಡತಿ ಬಂದು ನೋಡಿದ್ಲು. "ಎರಡೂ ಒಂದೇ ಥರ ಇದಾವೆ. ಅಳತೆ ಅಂದ್ರೆ ಅಳತೆ."

ಕಟ್ಟಳೆ ಪ್ರಕಾರ ಸುದ್ದಿಯವಳು ಅದನ್ನೇ ಮೆಟ್ಟಿದ್ಲು. ಎರಡೂ ಬಲಗಾಲಿನ ಮೆಟ್ಟು ಹಾಕ್ಕೊಂಡ್ರೆ ಕಾಲು ಬಲಕ್ಕೇ ಎಳೆಯುತ್ತೆ. ಎಷ್ಟು ನೇರ ಹೊರಟ್ರೂ ಬಲಗಡೆ ಮನೆಗೇ ಹೋಗಿ ಮುಟ್ಟೋಳು. ನಾಲ್ಕು ದಿನ ಊರಿನ ಸುದ್ದಿ ಪೂರ್ತಿ ಬೀದಿಯ ಬಲಗಡೆಗೇ ಬಿತ್ತು. ಅಲ್ಲಿನವರಿಗೆ ಯಾರ ಮನೇಲಿ ಏನು ಅನ್ನೋದು ಎರಡೆರಡು ಸಲ ಗೊತ್ತಾಗಿ, ನಿದ್ದೆ ಕೆಟ್ಟು, ಜಗಳ ಹತ್ಕೊಳ್ತು. ಎಡಗಡೆಯವರಿಗೆ ಏನೂ ಗೊತ್ತಾಗ್ಲಿಲ್ಲ. ಅವರ ಬೇಳೆ ಚೆನ್ನಾಗಿ ಬೇಯ್ತಿತ್ತು. ಅವರು ಸ್ವಲ್ಪ ದಪ್ಪ ಆದ್ರು.

"ಸಾಕಾ ತಂಗಿ?" ಅಂತ ಕೇಳಿದ ಹೊಸಬ.

"ಎಡಗಡೆಯವರು ಸಾಕು ಅಂತಿದಾರೆ ಅಣ್ಣ. ನನಗೆ ಸಾಕಾಗಿಲ್ಲ."

ಎರಡನೇ ಜೊತೆಯಲ್ಲಿ ಎಡವೂ ಬಂತು, ಬಲವೂ ಬಂತು. ಹೊಸಬ ಅಷ್ಟಕ್ಕೇ ಎದೆ ಉಬ್ಬಿಸ್ಕೊಂಡು, ನೆನೆಸಿದ ಮೆಟ್ಟು ಬೇಗ ಒಣಗ್ಲಿ ಅಂತ ಒಲೆ ಪಕ್ಕದಲ್ಲಿಟ್ಟು ಮಲಗಿಬಿಟ್ಟ. ಬೆಳಗ್ಗೆ ಎದ್ದಾಗ ಎರಡೂ ಕೆಂಡದ ಮೇಲಿನ ಹಪ್ಪಳದ ಹಾಗೆ ಸುರುಟ್ಕೊಂಡಿದ್ವು.

"ಊಟಕ್ಕೆ ಹಾಕ್ಲಾ?" ಅಂದ್ಲು ಹೆಂಡತಿ.

ಸುದ್ದಿಯವಳು ಅದರೊಳಗೆ ಬೆರಳಷ್ಟನ್ನೇ ತೂರಿಸಿ, ತುದಿಗಾಲಲ್ಲಿ ನಡೆದ್ಲು. ತುದಿಗಾಲಲ್ಲಿ ಬಂದೋರು ಜೋರಾಗಿ ಮಾತಾಡೋಕೆ ಆಗುತ್ತಾ? ಸುದ್ದಿ ಎಲ್ಲಾ ಪಿಸುಮಾತಾಯ್ತು. "ಇವತ್ತು ಕೆರೆ ಹತ್ತಿರ ಸೌತೆಕಾಯಿ ಬಂದಿದೆ" ಅನ್ನೋದನ್ನೂ ಕಿವೀಲಿ ಹೇಳಿದ್ಲು. ಊರು ಕಣ್ಣು ಅಗಲಿಸ್ಕೊಂಡು, "ಅಯ್ಯೋ ಹೌದಾ? ಯಾರಿಗೂ ಹೇಳ್ಬೇಡ" ಅಂತು. ಆ ವಾರ ಸೌತೆಕಾಯಿ ತಗೊಂಡವರೆಲ್ಲ ಸೆರಗಿನೊಳಗೆ ಮುಚ್ಕೊಂಡು ಮನೆಗೆ ಹೋದ್ರು.

ಮೂರನೇ ಸಲ ಹೊಸಬ ಬಲು ಜಾಗ್ರತೆ. ಬೆಳಗಿಂದ ಕೂತು, ತೊಡೆ ಮೇಲೆ ಮೆಟ್ಟು ಇಟ್ಕೊಂಡು, ಈ ಸೂಜಿ ಆ ಸೂಜಿ, ಈ ಸೂಜಿ ಆ ಸೂಜಿ. ಹೊಲಿಗೆ ಮುತ್ತು ಪೋಣಿಸಿದ ಹಾಗೆ ಬಂತು. ಕೊನೇ ಗಂಟು ಹಾಕಿ, ಎಲ್ಲರಿಗೂ ತೋರಿಸ್ಬೇಕು ಅಂತ ಜಗುಲಿಯಿಂದ ಜಂಬವಾಗಿ ಎದ್ದ. ಮೆಟ್ಟೂ ಎದ್ದಿತು. ಜೊತೆಗೆ ಪಂಚೆಯೂ ಎದ್ದಿತು. ಪಂಚೆಯ ಅಂಚನ್ನ ಅಟ್ಟೆಗೆ ಸೇರಿಸಿ, ಎರಡು ಸೂಜಿಯಲ್ಲಿ, ಮೇಣ ಹಾಕಿ, ಮೂವತ್ತಾರು ಹೊಲಿಗೆ ಹಾಕಿದ್ದ.

ದಾರೀಲಿ ಹೋಗ್ತಿದ್ದ ಭಾವಮೈದ ನಿಂತು ಒಂದು ಕಣ್ಣು ಮುಚ್ಚಿ ನೋಡಿದ. "ಭಾವ, ಹೊಲಿಗೆ ಗಟ್ಟಿಯಾಗಿದೆ. ಪಂಚೆ ಹರಿದ್ರೂ ಮೆಟ್ಟು ಬಿಡಲ್ಲ."

"ನಿನಗೆ ಕೆಲಸ ಇಲ್ವೇನೋ?"

"ಇದೆ ಭಾವ. ಹುಣ್ಣಿಮೆಗೆ."

ಆ ಮಾತು ಆರಿ ಚುಚ್ಚಿದ ಹಾಗೆ ಒಳಗೆ ಹೋಯ್ತು. ಹುಣ್ಣಿಮೆಗೆ ನಾಲ್ಕೇ ದಿನ. ಹೊಸಬ ಕತ್ತರಿಸಿದ ಪಂಚೆ ಉಟ್ಕೊಂಡು ತೊಗಲಜ್ಜಿ ಮುಂದೆ ಹೋಗಿ ಕೂತ.

"ಅಜ್ಜಿ, ನನಗೆ ಇದು ಬರಲ್ಲ."

"ಅವಳ ಕಾಲು ಎಷ್ಟು ಸಲ ಅಳೆದೆ?"

"ಹದಿಮೂರು ಸಲ. ಹದಿಮೂರು ಸಲಾನೂ ಅಷ್ಟೇ ಬಂತು."

"ಎಲ್ಲಿ ನಿಲ್ಲಿಸಿ ಅಳೆದೆ?"

"ನಮ್ಮ ಜಗುಲಿ ಮೇಲೆ."

"ನಿಂತ್ಕೊಳ್ಳೋರಿಗೆ ಮೆಟ್ಟು ಯಾಕೋ?" ಅಂದು ಅಜ್ಜಿ ಎಲೆಅಡಿಕೆ ಬಾಯಿಗೆ ಹಾಕ್ಕೊಂಡ್ಲು. ಅಲ್ಲಿಗೆ ಪಾಠ ಮುಗೀತು.

ಮಾರನೇ ದಿನ ಹೊಸಬ ತೊಗಲಿನ ತುಂಡನ್ನ ನೀರಲ್ಲಿ ನೆನೆಸಿ, ಸುದ್ದಿಯವಳ ಎರಡೂ ಪಾದಕ್ಕೆ ಸುತ್ತಿ, ದಾರ ಕಟ್ಟಿ, ಅವಳ ಹಿಂದೆ ಹೊರಟ. ಅವಳು ಬಾಗಿಲಲ್ಲಿ ನಿಂತು ಸುದ್ದಿ ಹೇಳೋಳು, ಇವನು ನೆಲಕ್ಕೆ ಕೂತು ಪಾದ ನೋಡೋನು. ಏರಿನಲ್ಲಿ ಹಿಮ್ಮಡಿ ಎದ್ದಿತು. ಇಳಿಜಾರಿನಲ್ಲಿ ಬೆರಳು ಹರಡ್ಕೊಂಡ್ವು. ಬಾವಿಕಟ್ಟೆ ಹತ್ತಿರದ ಕೆಸರಲ್ಲಿ ಪಾದ ಬಾತುಕೋಳಿ ಥರ ಆಯ್ತು. ಮಧ್ಯಾಹ್ನದ ಹೊತ್ತಿಗೆ ಅದೇ ಪಾದ ಅರ್ಧ ಬೆರಳು ಬೆಳೆದಿತ್ತು. ಹೊಸಬ ಮಸಿ ಮೆತ್ತಿದ ಬೆರಳಲ್ಲಿ ತೊಗಲಿನ ಮೇಲೆ ಅಲ್ಲೊಂದು ಇಲ್ಲೊಂದು ಗುರುತು ಹಾಕ್ತಾ ಹೋದ. ಹದಿಮೂರು ಸಲ ಅಳೆದ ಪಾದ ಇದೇನಾ ಅಂತ ಅವನಿಗೇ ಗುಮಾನಿ.

"ಇವನ್ಯಾಕೆ ನಿನ್ನ ಹಿಂದೆ?" ಅಂತ ಮನೆಮನೇಲೂ ಕೇಳಿದ್ರು.

"ಇವತ್ತಿನ ಸುದ್ದಿ ಇವನೇ" ಅಂದ್ಲು ಅವಳು.

ಸಂಜೆ ಮನೆಗೆ ಬಂದು, ಉಳಿದ ತೊಗಲು ಹರಡಿ, ಅಂಗೈಯಲ್ಲಿ ಮೂರು ಸಲ ಸವರಿದ. ಬೀದಿಗೆ ಕೇಳೋ ಹಾಗೆ ಮೂರು ಸಲ ಕೇಳಿದ: "ತೊಗಲೇ ತೊಗಲೇ, ನಿನ್ನ ಬೆನ್ನು ಯಾವ ಕಡೆ? ನಿನ್ನ ಹೊಟ್ಟೆ ಯಾವ ಕಡೆ?" ಅಂಗೈ ಕೆಳಗೆ ಒಂದು ಕಡೆ ಮಲಗಿದ ಎತ್ತಿನ ಹಾಗೆ ಗಟ್ಟಿಯಾಗಿತ್ತು. ಇನ್ನೊಂದು ಕಡೆ ಉಸಿರಾಡಿದ ಹಾಗೆ ಅನ್ನಿಸ್ತು. ಹೊಸಬ ಕೈ ತೆಗೆಯದೇ ಸುಮಾರು ಹೊತ್ತು ಹಾಗೇ ಕೂತಿದ್ದ. ಹೆಂಡತಿ ಏನೋ ಅನ್ನೋಕೆ ಬಂದೋಳು, ಅನ್ನದೇ ಒಳಗೆ ಹೋದ್ಲು. ಅವರ ಮದುವೆ ಆದ ಮೇಲೆ ಅಂಥದ್ದು ಅದೇ ಮೊದಲು.

ಹುಣ್ಣಿಮೆ ಬಂತು. ಊರಿಗೆ ಊರೇ ಕೋಟೆ ಬಾಗಿಲ ಹತ್ತಿರ ಸೇರ್ತು. ಹೊಸ ಬಾಗಿಲು ಗೋಡೆಗೆ ಒರಗಿತ್ತು. ಯಜಮಾನನ ಕೈಲಿ ಅಳತೆಗೋಲು. ಸುದ್ದಿಯವಳು ಹೊಸ ಮೆಟ್ಟು ಮೆಟ್ಕೊಂಡು ಬೀದಿ ತುದಿಯಿಂದ ನಡೆದು ಬಂದ್ಲು. ನೋಡೋಕೆ ಚೆನ್ನಾಗಿದ್ವು. ಜನ "ಭಲೆ" ಅಂದ್ರು.

"ಹೇಳಮ್ಮ" ಅಂದ ಯಜಮಾನ.

ಸುದ್ದಿಯವಳು ಒಂದು ಸಲ ಹೊಸಬನ ಮುಖ ನೋಡಿದ್ಲು. ಕತ್ತರಿಸಿದ ಪಂಚೆ ನೋಡಿದ್ಲು. ಆರಿ ಚುಚ್ಚಿ ಚುಚ್ಚಿ ತೂತಾದ ಬೆರಳು ನೋಡಿದ್ಲು. ಅವಳ ಬಾಯಿ "ಸಾ" ಅನ್ನೋಕೆ ತೆರೀತು.

ಹೊಸಬ ಕೋಲಿನ ಕಡೆ ನೋಡಿದ. ಕೋಲು ಮೂರು ಮೊಳ ದೂರದಲ್ಲಿತ್ತು. ಅಷ್ಟೇ ದೂರ ಅಂತ ಅವನಿಗೆ ಅಳೆಯದೇ ಗೊತ್ತು. ಆದ್ರೆ ಅವಳು ನಡೆದು ಬರುವಾಗ ಅವನ ಕಿವಿಗೆ ಒಂದು ಸದ್ದು ಬಿದ್ದಿತ್ತು. ಎಡಗಾಲಿಗೆ ಸದ್ದಿಲ್ಲ. ಬಲಗಾಲಿಗೆ "ಟಪ್". ಊರಲ್ಲಿ ಇನ್ಯಾರಿಗೂ ಕೇಳಿರಲಿಲ್ಲ, ಯಾಕಂದ್ರೆ ಇನ್ಯಾರೂ ಒಂದು ಇಡೀ ದಿನ ಅವಳ ಹಿಂದೆ ನಡೆದಿರಲಿಲ್ಲ.

"ತಾಳು ತಂಗಿ" ಅಂದ ಹೊಸಬ. "ಸಾಕಾಗಿಲ್ಲ. ಬಲಗಾಲಿನ ಹಿಮ್ಮಡಿ ಸಡಿಲ ಇದೆ."

"ಎಷ್ಟು?" ಅಂದ ಯಜಮಾನ.

"ಗೊತ್ತಿಲ್ಲ. ಕಾಲಿಟ್ಟು ನೋಡ್ಬೇಕು."

ಅಳತೆಯವನ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ಕೇಳಿ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಹೆಂಡತಿ ಸೆರಗಿನ ತುದಿ ಬಾಯಿಗೆ ಇಟ್ಕೊಂಡ್ಲು. ನಗೋಕೋ ಅಳೋಕೋ ಯಾರಿಗೂ ಗೊತ್ತಾಗ್ಲಿಲ್ಲ. ಕಟ್ಟಳೆ ಕಟ್ಟಳೆನೇ. ಯಜಮಾನ ಕೋಲನ್ನ ಭಾವಮೈದನ ಕೈಗೆ ಕೊಟ್ಟ.

ಭಾವಮೈದ ಮೀಸೆ ತಿರುವಿ ಮುಂದೆ ಬಂದ. ಒಂದು ಕಣ್ಣು ಮುಚ್ಚಿದ. ಕೋಲನ್ನ ಹಾಗೆ ಹಿಡಿದ, ಹೀಗೆ ಹಿಡಿದ. ಊರೆಲ್ಲ ನೋಡ್ತಾ ಇತ್ತು. ನಿಧಾನಕ್ಕೆ ಹೊಸಬನ ಕಡೆ ಬಾಗಿ ಕೇಳಿದ: "ಭಾವ, ಇದನ್ನ ಯಾವ ತುದಿಯಿಂದ ಹಿಡೀಬೇಕು?"

"ಯಾವ ತುದಿಯಾದ್ರೂ ಒಂದೇ ಕಣೋ."

"ಹೊಸಬನ ಮಾತು ಕೇಳೋ ಹಾಗಿಲ್ಲ" ಅಂದ ಯಜಮಾನ.

ಹಾಗಾಗಿ ಭಾವಮೈದ ಕೋಲನ್ನ ಮಧ್ಯದಲ್ಲಿ ಹಿಡಿದು ನಿಂತ. ಎಷ್ಟು ಹೊತ್ತು ನಿಂತ್ರೂ ಬಾಗಿಲಿನ ಅಳತೆ ಸಿಗಲಿಲ್ಲ. ಕೊನೆಗೆ ತೆರೆದಿದ್ದ ಇನ್ನೊಂದು ಕಣ್ಣನ್ನೂ ಮುಚ್ಚಿ, "ಯಜಮಾನ್ರೇ, ಚಂದ್ರ ಹುಟ್ಟಿದ ಮೇಲೆ ತಾನೆ ಹುಣ್ಣಿಮೆ? ಭಾವ ಹೊಲೀಲಿ. ಕಾಯೋಣ" ಅಂದ.

ಯಜಮಾನನಿಗೂ ತನ್ನ ನಾಲ್ಕು ನೀರಿನ ಚೀಲ ನೆನಪಾಗಿರಬೇಕು. "ಕಾಯೋಣ" ಅಂದ.

ಹೊಸಬ ಕಲ್ಲಿನ ಮೇಲೆ ಕೂತ. ಸುದ್ದಿಯವಳ ಬಲಗಾಲನ್ನ ತೊಡೆ ಮೇಲೆ ಇಟ್ಕೊಂಡು, ಹಿಮ್ಮಡಿಯ ಒಂಬತ್ತು ಹೊಲಿಗೆ ಬಿಚ್ಚಿದ. ಒದ್ದೆ ಬಟ್ಟೆ ಇಟ್ಟು ತೊಗಲನ್ನ ಮೆತ್ತಗೆ ಮಾಡಿದ. ಬೆರಳಲ್ಲಿ ಒತ್ತಿದ, ಬಿಟ್ಟ, ಒತ್ತಿದ. "ಇಲ್ಲಿ ಹೆಂಗಿದೆ?" "ಅಲ್ಲಲ್ಲ, ಸ್ವಲ್ಪ ಕೆಳಗೆ ಅಣ್ಣ." "ಇಲ್ಲಿ?" "ಹೂಂ." ಮೆಟ್ಟು ಕಳಚಿ, ತಿರುವಿ ಹಾಕಿ, ಈ ಸೂಜಿ ಆ ಸೂಜಿ. ಬೇಗ ಮಾಡು ಅಂತ ಯಾರೂ ಅನ್ಲಿಲ್ಲ. ಬಿಸಿಲು ಏರಿತು. ಹೆಂಗಸರು ಮನೆಗೆ ಹೋಗಿ ಬುತ್ತಿ ತಂದ್ರು, ದೊಡ್ಡ ಹರವಿಯಲ್ಲಿ ಮಜ್ಜಿಗೆ ತಂದ್ರು. ಒರಗಿಸಿದ ಬಾಗಿಲಿನ ನೆರಳಲ್ಲಿ ಊರಿಗೂರೇ ಕೂತು ಉಣ್ತು. ಬಲಗಡೆ ಬೀದಿಯವರು ಎಡಗಡೆಯವರ ಪಕ್ಕ ಕೂತ್ರು. ಎಲ್ಲರೂ ಒಂದೇ ಕಡೆ ಇದ್ರಿಂದ ಮುಟ್ಟಿಸೋಕೆ ಸುದ್ದಿನೇ ಇರಲಿಲ್ಲ. ಸುದ್ದಿಯವಳು ಕೂತಿದ್ಲು. ಅವಳು ಕೂತಿದ್ದನ್ನ ಆ ಊರು ಅದುವರೆಗೆ ನೋಡಿರಲಿಲ್ಲ. ಕೂತ್ರೆ ಅವಳು ಇಷ್ಟು ಸಣ್ಣ ಹೆಂಗಸಾ ಅಂತ ಜನಕ್ಕೆ ಆಶ್ಚರ್ಯ ಆಯ್ತು. ಯಾರೋ ಅವಳ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದ್ರು.

ಹೊತ್ತು ಇಳಿಯೋ ಹೊತ್ತಿಗೆ ಹೊಸಬ ನೂಲು ಕಚ್ಚಿ ಹರಿದು, ಮೆಟ್ಟನ್ನ ತಿರುವಿ ಅವಳ ಕಾಲಿಗೆ ಹಾಕಿದ. "ನಡಿ ತಂಗಿ. ನೋಡೋಣ."

ಸುದ್ದಿಯವಳು ಎದ್ಲು. ಊರು ತುತ್ತು ಬಾಯಲ್ಲೇ ಇಟ್ಕೊಂಡು ಕಿವಿ ಕೊಡ್ತು. ಮೂರು ಹೆಜ್ಜೆ ಇಟ್ಲು. ಸದ್ದಿಲ್ಲ. ಆರು ಹೆಜ್ಜೆ ಇಟ್ಲು. ಎಡಕ್ಕೂ ಎಳೀಲಿಲ್ಲ, ಬಲಕ್ಕೂ ಎಳೀಲಿಲ್ಲ. ಅಷ್ಟರಲ್ಲಿ ದೂರದ ಗುಡ್ಡದಾಚೆ ಊರಿಂದ ಡೊಳ್ಳಿನ ಸದ್ದು ಕೇಳ್ತು. ಅವಳ ತಲೆ ಆ ಕಡೆ ತಿರುಗ್ತು.

"ಅಲ್ಲೇನೋ ಆಗಿದೆ ಕಣ್ರೋ" ಅಂದ್ಲು.

ಅಂದವಳೇ ಹೊರಟ್ಲು. ಬಾಗಿಲಿಲ್ಲದ ಬಾಗಿಲು ದಾಟಿ, ದಾರಿಗೆ ಇಳಿದು, ತೋಳು ಬೀಸ್ಕೊಂಡು, ಹಾಡು ಗುನುಗ್ಕೊಂಡು, ಒಂದು ಸಲವೂ ಕೆಳಗೆ ನೋಡದೇ ಹೋದ್ಲು. ಜನ ಕಾದ್ರು. ಅವಳು ಚಿಕ್ಕವಳಾಗ್ತಾ ಆಗ್ತಾ ಗುಡ್ಡದ ಹತ್ತಿರ ಒಂದು ಚುಕ್ಕೆ ಆದ್ಲು.

"ಸಾಕು ಅಂದ್ಲಾ?" ಅಂತ ಯಜಮಾನ ಪಕ್ಕದವರನ್ನ ಕೇಳಿದ.

"ಇಲ್ಲ."

"ಆಗುತ್ತೆ ಅಂದ್ಲಾ?"

"ಏನೂ ಅನ್ಲಿಲ್ಲ. ಮರೆತೇ ಹೋದ್ಲು."

ಚಂದ್ರ ಹುಟ್ಟೋಕೆ ಇನ್ನೇನು ಸ್ವಲ್ಪವೇ ಹೊತ್ತು. ಭಾವಮೈದ ಕೋಲನ್ನ ಕಂಕುಳಲ್ಲಿ ಇಟ್ಕೊಂಡು, ಪಂಚೆ ಎತ್ತಿ ಕಟ್ಟಿದ. "ಭಾವ, ನಾನು ಓಡಿ ಹೋಗಿ ಕೇಳ್ಕೊಂಡು ಬರ್ತೀನಿ. ಒಂದು ಮಾತು ತಾನೆ? ಕೋಲು ನಿಂದಾಗುತ್ತೆ. ದೇವರಾಣೆ, ನನಗೆ ಇದು ಬೇಡ."

ಹೊಸಬ ಆ ಚುಕ್ಕೆನೇ ನೋಡ್ತಾ ಇದ್ದ. ಅವನ ಮುಖದಲ್ಲಿ, ತೊಟ್ಟಿಲಲ್ಲಿ ಮಗು ನಿದ್ದೆ ಹೋದಾಗ ಹೆತ್ತವರ ಮುಖದಲ್ಲಿ ಬರೋ ಥರದ್ದು ಒಂದು ನಗು ಇತ್ತು.

"ಬೇಡ ಕಣೋ" ಅಂದ ಮೆತ್ತಗೆ. "ಕೇಳಿದ್ರೆ ಅವಳಿಗೆ ಕಾಲು ನೆನಪಾಗುತ್ತೆ."

ಜನ ಯಜಮಾನನ ಮುಖ ನೋಡಿದ್ರು. ಹೊಸಬನ ಮಾತು ಕೇಳೋ ಹಾಗಿಲ್ಲ. ಯಜಮಾನ ದಾರಿ ನೋಡಿದ, ಒರಗಿದ್ದ ಬಾಗಿಲು ನೋಡಿದ, ಗಂಟಲು ಸರಿಮಾಡ್ಕೊಂಡ, ಏನೋ ಹೇಳೋಕೆ ಅಂತ ಎದ್ದ. ಎದ್ದೋನು ಮತ್ತೆ ಕೂತ. ಕೂತು, ಲೋಟ ಮುಂದೆ ಚಾಚಿದ.

ಭಾವಮೈದ ಎತ್ತಿ ಕಟ್ಟಿದ ಪಂಚೆ ಇಳಿಬಿಟ್ಟ. ಯಾರೂ ಓ‌ಡಲಿಲ್ಲ. ಹರವಿಯಲ್ಲಿ ಇನ್ನೂ ಮಜ್ಜಿಗೆ ಇತ್ತು.